ತಾಕಿನ ಒಳಗೆ

ಬೆಳೆ ಸಮೀಕ್ಷೆಗೆ ತಾಕಿಗೆ ಹತ್ತು ರೂಪಾಯಿ ನನಗೆ.
ಆ್ಯಪು ಹೇಳಿದಲ್ಲಿಗೆ ಹೋಗಬೇಕು, ನಿಂತು
ಎರಡು ಫೋಟೋ ಹಿಡಿಯಬೇಕು, ಬೆಳೆಯ ಹೆಸರು ಒತ್ತಬೇಕು.
ಹುರುಳಿಗೆ ಹುರುಳಿ, ಬೀಳಿಗೆ ಬೀಳು.
ಸರ್ಜಾಪುರದ ಈಚೆ, ಸರ್ವೆ ನಂಬರು ನಲವತ್ತೇಳರ ಮೂರು,
ಹದಿನೆಂಟು ಗುಂಟೆ, ಖರಾಬು ಎರಡು.
ನೀಲಿ ಚುಕ್ಕೆಯಾಗಿ ನಡೆದೆ, ನಡೆದೆ,
ಚುಕ್ಕೆ ನನ್ನನ್ನು ತಂದು ನಿಲ್ಲಿಸಿದ್ದು
ಬಿ ಬ್ಲಾಕಿನ ಬೇಸ್‌ಮೆಂಟಿಗೆ.

ಕೆಳಗಿಳಿದರೆ ಸಿಗ್ನಲ್ ಸಾಯುತ್ತದೆ. ರ‍್ಯಾಂಪಿನ ಬಾಯಲ್ಲಿ
ಒಂದು ಕಾಲು ಬಿಸಿಲಿಗಿಟ್ಟು ನಿಂತಾಗ
ಗೆರೆ ಹಸಿರಾಯಿತು: ನೀವು ತಾಕಿನ ಒಳಗಿದ್ದೀರಿ.
ಬೆಳೆ ಆಯ್ಕೆ ಮಾಡಿ.

ಪಹಣಿಯ ಒಂಬತ್ತನೇ ಕಾಲಮ್ಮಿನಲ್ಲಿ
ಪಿಳ್ಳಕ್ಕ ಕೋಂ ಲೇಟ್ ಅಬ್ಬಯ್ಯ.
ಮೈದುನರ ದಾವೆ ತೀರದೆ ಖಾತೆ ಹಾಗೇ ಉಳಿದಿತ್ತು,
ಕಟ್ಟಡ ಮಾತ್ರ ತೀರ್ಪಿಗೆ ಕಾಯಲಿಲ್ಲ.
ವರ್ಷಕ್ಕೆ ಮೂರು ಸಲ ಎರಡೆರಡು ಸಾವಿರ
ಬರುತ್ತದೆ ಅವಳ ಲೆಕ್ಕಕ್ಕೆ,
ಐವತ್ತಾರು ಕಾರು ಮಲಗುವ ಹೊಲದ ಹೆಸರಲ್ಲಿ.
ಮೊದಲ ಸಲ ವಾಪಸು ಕೊಡಲು ಹೋಗಿದ್ದಳಂತೆ.
ಕೊಡುವುದಕ್ಕೆ ಕಿಂಡಿಯಿದೆ, ಹಿಂದೆ ತಗೊಳ್ಳುವುದಕ್ಕೆ ಇಲ್ಲ
ಎಂದರಂತೆ ಬ್ಯಾಂಕಿನಲ್ಲಿ.

ಹುಡುಕಿ ಹೋದೆ. ಇದ್ದದ್ದು ರಸ್ತೆಯಾಚೆ,
ಲೇಔಟಿನ ಖಾಲಿ ಸೈಟುಗಳಲ್ಲಿ, ಸೊಂಟದುದ್ದ ರಾಗಿಯ ನಡುವೆ.
ನೂರಹನ್ನೆರಡರಿಂದ ನೂರಿಪ್ಪತ್ತೆರಡು,
ಮೂವತ್ತು ನಲವತ್ತರ ಮಡಿಗಳು. ಒಡೆಯರು
ಯುಗಾದಿ ಆಸುಪಾಸು ಬಂದು, ಕಲ್ಲು ನೆಟ್ಟಗಿದೆಯೇ ನೋಡಿ ಹೋಗುತ್ತಾರೆ.
"ಕಳೆ ಬೆಳೀದಂಗೆ ನೋಡ್ಕೊಮ್ಮಾ ಅಂದವ್ರೆ. ನೋಡ್ಕಂಡಿವ್ನಿ."
ಎಂಟು ಸಾಲಿಗೊಂದು ಅಕ್ಕಡಿ, ಅವರೆ, ಹುಚ್ಚೆಳ್ಳಿನ ಹಳದಿ,
ಬೀದಿದೀಪದ ಕಂಬಕ್ಕೆ ಹಬ್ಬಿದ ಹೀರೆ.
ಅಲ್ಲೇ ನಿಂತು ಒತ್ತಿದೆ. ಕೆಂಪು ಅಕ್ಷರ:
ಇದು ಕೃಷಿ ಜಮೀನಲ್ಲ.
ರಾಗಿಗೆ ಓದು ಬರುವುದಿಲ್ಲ. ಅದು ತೂಗುತ್ತಲೇ ಇತ್ತು.

"ಆ್ಯಪಲ್ಲಿ ರಾಗಿ ಬರ್ದಿದ್ರೆ ಸೆಂಟರಲ್ಲಿ ತಗಳಲ್ವಂತೆ.
ಐದು ಮೂಟೆ ಆದಾತು. ದಲ್ಲಾಳಿ ಅರ್ಧ ರೇಟು ಅಂತಾನೆ."
ಸ್ವಲ್ಪ ಹೊತ್ತು ಇಬ್ಬರೂ ಮೊಬೈಲು ನೋಡಿದೆವು,
ಹಟ ಹಿಡಿದ ಕೂಸನ್ನು ನೋಡುವ ಹಾಗೆ.
ಆಮೇಲೆ ಅವಳು ಕುಡುಗೋಲು ತೆಗೆದಳು.

ಗೇಟಿನಲ್ಲಿ ರಿಜಿಸ್ಟರು. ಒಡಿಶಾದ ಹುಡುಗ ಕೇಳಿದ,
ಯಾರ ಮನೆಗೆ?
ತಲೆಯ ಮೇಲೆ ರಾಗಿಯ ಕಟ್ಟು, ಪಿಳ್ಳಕ್ಕ ನನ್ನ ಕಡೆ ನೋಡಿದಳು.
ನಾನು ಬರೆದೆ: ಫ್ಲ್ಯಾಟ್ ನಂಬರ್ 47/3.

ರ‍್ಯಾಂಪಿನ ಬಾಯಲ್ಲಿ ತೆನೆ ಎದೆಗವಚಿ ನಿಂತಳು.
ಬೆಳೆ: ರಾಗಿ. ಮಿಶ್ರಬೆಳೆ: ಅವರೆ.
ನೀರಾವರಿ ಮೂಲ? ಒಬ್ಬಾತ ಪೈಪು ಹಿಡಿದು
ಕೆಂಪು ಕಾರು ತೊಳೆಯುತ್ತಿದ್ದ; ನೀರು ಹರಿದು
ಅವಳ ಹಿಮ್ಮಡಿ ಮುಟ್ಟಿತು.
ಮಳೆಯಾಶ್ರಿತ, ಎಂದು ಒತ್ತಿದೆ.

ಹನ್ನೊಂದನೇ ದಿನ ತಿರಸ್ಕೃತವಾಗಿ ಮರಳಿತು.
ಸುಳ್ಳೆಂದಲ್ಲ. ಹಿನ್ನೆಲೆಯಲ್ಲಿ ವಾಹನ ಕಾಣುತ್ತಿದೆ,
ಬೆಳೆ ಮಾತ್ರ ಬರುವಂತೆ ಮತ್ತೆ ತೆಗೆಯಿರಿ.

ಹೋದೆ. ಕೊಯ್ದಾಗಿತ್ತು. ಸೈಟುಗಳಲ್ಲಿ ಬರೀ ಕೂಳೆ.
ಲೇಔಟಿನ ಡಾಂಬರಿನ ಮೇಲೆ ಹುಲ್ಲುಸಮೇತ ತೆನೆ ಹಾಸಿ
ಮೋರಿಕಟ್ಟೆಯ ಮೇಲೆ ಕೂತಿದ್ದಳು ಪಿಳ್ಳಕ್ಕ.
ಒಂಬತ್ತು ಗಂಟೆ. ನಲವತ್ತೇಳರ ಮೂರರಿಂದ
ಒಂದೊಂದಾಗಿ ಎದ್ದು ಬಂದವು,
ಕೆಂಪನೆಯದು, ಬೂದಿ ಬಣ್ಣದ್ದು, ಹಿಂದಿನ ಸೀಟಲ್ಲಿ ಮಕ್ಕಳಿದ್ದದ್ದು,
ಜಾರೀತೆಂದು ಹೆದರಿ ಮೆಲ್ಲಗೆ, ಮೆಲ್ಲಗೆ
ಕಾಳು ಬಿಡಿಸುತ್ತ ಹೋದವು.

"ಎಲ್ಲಾ ನಮ್ ಹೊಲದವೇ," ಅಂದಳು. ಮತ್ತೆ
ನನ್ನ ಹತ್ತು ರೂಪಾಯಿ ಬಂತೇ ಎಂದು ಕೇಳಿದಳು.